ತಮ್ಮನಿಗೆಂದು ತೆಗೆದಿಟ್ಟ ಡೋಸು

ಅಂಟಿಕೊಂಡಿದೆ, ಎಳೆದರೆ ಕಿರ್ ಎನ್ನುತ್ತದೆ, ಫ್ರಿಜ್ಜಿನ ಹಿಂಗೋಡೆಗೆ ಈ ಪುಟ್ಟ ರಟ್ಟಿನ ಪೆಟ್ಟಿಗೆ ಹೀಗೆ ಅಂಟುವುದೆಂದರೇನು, ಬೆರಳ ತುದಿಗೆ ಚುರುಕ್ಕೆಂದಿತು, ತಣ್ಣಗಿರುವುದೂ ಸುಡುತ್ತದೆ — ಬಾಗಿಲು ತೆಗೆದು ಎಷ್ಟು ಹೊತ್ತಾಯಿತು, ಒಳಗಿನ ತಂಪೆಲ್ಲ ನನ್ನ ಪಾದದ ಮೇಲೆ ಸುರಿದು ಹೋಗುತ್ತಿದೆ, ಬೇಗ ಮುಚ್ಚಿ ಬೇಗ ಮುಚ್ಚಿ ಎಂದು ದಿನಕ್ಕೆ ಹತ್ತು ಸಲ ಊರಿಗೆಲ್ಲ ಹೇಳುವವಳು ನಾನೇ. ಬಿಡಿಸಿಕೊಂಡೆ. ಒಳಗೆ ಒಂದೇ ಸಿರಿಂಜು, ಟೈಫಾಯ್ಡ್ ಲಸಿಕೆ, ಇದ್ದುದರಲ್ಲಿ ಕೊನೆಯದು, ತಮ್ಮನಿಗೆಂದು ಶುಕ್ರವಾರವೇ ತೆಗೆದಿಟ್ಟದ್ದು, ಬೇರೆಯವರ ಕೈಗೆ ಸಿಕ್ಕಿ ಖರ್ಚಾಗದಿರಲಿ ಎಂದು ಉಳಿದ ಪೆಟ್ಟಿಗೆಗಳ ಹಿಂದೆ, ಕಟ್ಟಕಡೆಗೆ, ಗೋಡೆಗೆ ಒತ್ತಿ ಬಚ್ಚಿಟ್ಟದ್ದು. ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ನೀರಿನ ಹಾಗೆ ಸರಿಯಬೇಕಾದ ಮದ್ದಿನ ನಡುವೆ ಒಂದು ಬಿಳಿ ಚೂರು, ಅಕ್ಕಿಕಾಳಿನಷ್ಟು, ಸರಿಯಲಿಲ್ಲ. ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು, ಕರಗಿದ ಮೇಲೂ ಬಾರದು, ಹಿಂಗೋಡೆಗೆ ತಾಗಿಸಿ ಏನನ್ನೂ ಇಡಬೇಡಿ ಎಂದು ಇದೇ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಅಡಿಗೆರೆ ಎಳೆದು, ಕೆಳಗೆ ಸಹಿ ಬೇರೆ ಹಾಕಿದವಳು ಯಾರು. ಹನ್ನೊಂದು ವರ್ಷದಿಂದ ಪ್ರಯಾಣಿಕರ ಲಸಿಕೆ ಕೋಣೆಯ ನರ್ಸು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವವಳು, ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಮ್ಮ ಎಂದು ಹೊಸ ಹುಡುಗಿಯರಿಗೆ ಪಾಠ ಹೇಳುವವಳು — ಥರ್ಮಾಮೀಟರ್ ಇರುವುದು ನಡುವಿನ ತಟ್ಟೆಯಲ್ಲಿ, ಅಲ್ಲಿ ನಾಲ್ಕು, ಅಲ್ಲಿ ಎಲ್ಲವೂ ಸರಿ. ನನ್ನ ಅಕ್ಕರೆಗಿಷ್ಟು ಬೆಂಕಿ ಬೀಳಲಿ.

ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ, ಬಾಗಿಲ ಸಂದಿಯಲ್ಲಿ ಅವನ ಒಂದು ಬೂಟು ಕಾಣುತ್ತದೆ, ಗ್ರೀಸು ಮೆತ್ತಿದ ಬೂಟು, ಅಲ್ಲಾಡುತ್ತಿದೆ, ಅಂದರೆ ಹೊತ್ತಾಯಿತು ಎಂದು ಗೊಣಗಲು ಶುರು ಮಾಡುತ್ತಾನೆ. ನಾಳೆರಾಯ. ಅಮ್ಮ ಇಟ್ಟ ಅಡ್ಡಹೆಸರು, ತಲೆಗೂದಲು ಕತ್ತರಿಸಿಕೋ ಅಂದರೆ ನಾಳೆ, ಹಲ್ಲು ತೋರಿಸಿಕೊಂಡು ಬಾ ಅಂದರೆ ನಾಳೆ, ಅವನ ಮದುವೆ ಮಾತೂ ನಾಳೆ ನಾಳೆ ಎನ್ನುತ್ತಲೇ ಮೂವತ್ತು ದಾಟಿತು. ಲಿಫ್ಟ್ ಮೆಕ್ಯಾನಿಕ್, ಕೆಲಸದಲ್ಲಿ ಮಾತ್ರ ನಾಳೆ ಇಲ್ಲ, ಹತ್ತನೇ ಮಹಡಿಯಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಅಂದರೆ ತಟ್ಟೆಯಲ್ಲಿ ಕೈ ತೊಳೆದು ಓಡುತ್ತಾನೆ. ಈಗ ಸಮುದ್ರದಾಚೆ ಎಲ್ಲೋ ಆಸ್ಪತ್ರೆ ಕಟ್ಟುತ್ತಿದ್ದಾರಂತೆ, ಆರು ಲಿಫ್ಟು ಕೂರಿಸಬೇಕಂತೆ, ನಾಲ್ಕು ತಿಂಗಳು, ನೀರು ನೆಚ್ಚುವ ಹಾಗಿಲ್ಲದ ಊರು, ವಿಮಾನಕ್ಕೆ ಇನ್ನು ಹದಿನೈದೇ ದಿನ. ಚುಚ್ಚಿದ ಮೇಲೆ ಮೈ ಸಜ್ಜಾಗಲು ಎರಡು ವಾರ ಬೇಕು ಕಣೋ, ಹೊರಡುವ ಹಿಂದಿನ ದಿನ ಬಂದು ತೋಳು ಚಾಚಿದರೆ ಆಗಲ್ಲ ಎಂದು ತಿಂಗಳಿಂದ ಬಡಿದುಕೊಂಡಿದ್ದೇನೆ, ಮೂರು ಸಲ ಬರುತ್ತೇನೆಂದು ಕೈಕೊಟ್ಟ, ಇವತ್ತು ಅರ್ಧ ದಿನ ರಜೆ ಹಾಕಿಸಿ ಹೆಚ್ಚುಕಡಿಮೆ ಕಿವಿ ಹಿಡಿದು ಎಳೆದುಕೊಂಡು ಬಂದೆ. ಹೊಸ ಡೋಸು ಬರುವುದು ನಾಳೆ ಬೆಳಿಗ್ಗೆ. ನಾಳೆ ಚುಚ್ಚಿದರೆ ಸರಿಯಾಗಿ ಹದಿನಾಲ್ಕು ದಿನ, ಒಂದು ದಿನ ಆಚೆ ಹೋದರೂ ಸಾಲದು. ಬೇರೆ ಯಾರಿಗಾದರೂ ನಾಳೆ ಬಾ ಎನ್ನಬಹುದು. ಇವನಿಗೆ ನಾಳೆ ಎನ್ನುವುದು ಹೇಗೆ, ಅದೂ ನಾನು.

ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದೇನೆ, ಎಷ್ಟು ಹೊತ್ತಿನಿಂದಲೋ, ಬಿಚ್ಚಿ ನೋಡಿದರೆ ಚೂರು ಕರಗಿದೆ, ಮದ್ದು ತಿಳಿಯಾಗಿದೆ, ಏನೂ ಆಗದ ಹಾಗೆ, ಯಾರು ನೋಡಿದರೂ ಒಳ್ಳೆಯ ಡೋಸು ಎನ್ನುತ್ತಾರೆ. ಅಕ್ಕಿಕಾಳಿನಷ್ಟು ತಾನೇ ಗಟ್ಟಿಯಾದದ್ದು, ಉಳಿದದ್ದರಲ್ಲಿ ಇನ್ನೂ ಸ್ವಲ್ಪ ಸತ್ವ ಇದ್ದರೆ, ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ, ಅವನು ತೋಳು ಚಾಚಲೆಂದು ಬಂದು ಕೂತಿದ್ದಾನೆ, ಮತ್ತೆ ಬರುತ್ತಾನೋ ಇಲ್ಲವೋ — ಒಂದೇ ಒಂದು ತುಂಡು ಕಣೆ ಮಗಳೇ. ಅಪ್ಪನ ದನಿ. ಕರೆಯದೆಯೇ ಬರುತ್ತದೆ. ಅಪ್ಪ ಅಚ್ಚಿನ ಯಂತ್ರ ರಿಪೇರಿ ಮಾಡುತ್ತಿದ್ದ, ದೂರ ದೂರದ ಊರುಗಳಿಂದ ಕರೆ ಬರುತ್ತಿತ್ತು, ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಹೊತ್ತು ತಿರುಗುತ್ತಿದ್ದ, ಬಿಸಿಬಿಸಿಯಾದದ್ದನ್ನೇ ತಿನ್ನುತ್ತಿದ್ದ, ಹಣ್ಣಾದರೆ ತಾನೇ ಸಿಪ್ಪೆ ಸುಲಿಯಬೇಕು, ಲಸಿಕೆ ಮಾತ್ರ ಬೇಡವಂತೆ, ಇಷ್ಟು ಜಾಗ್ರತೆಯ ಮನುಷ್ಯನಿಗೆ ಅದ್ಯಾಕೆ ಎಂದು ಮೀಸೆಯಡಿಯಲ್ಲಿ ನಗುತ್ತಿದ್ದ. ಕಡೆಯ ಸಲ, ಹೊರಡುವ ದಿನ, ಕೆಲಸ ಮುಗಿದ ಖುಷಿಗೆ ಆ ಪ್ರೆಸ್ಸಿನವರು ಹಣ್ಣಿನ ರಸ ಕೊಟ್ಟರಂತೆ, ಅದರಲ್ಲಿ ಐಸು. ನೀರು ಮುಟ್ಟಲಿಲ್ಲ ಕಣೆ, ಒಂದೇ ಒಂದು ತುಂಡು, ಗ್ಲಾಸಿನಲ್ಲಿ ಟಣ್ ಅಂತು, ಎಷ್ಟು ಚೆನ್ನಾಗಿತ್ತು. ಟೈಫಾಯ್ಡ್ ಅದರಿಂದಲೇ ಬಂತೆಂದು ಹೇಳಲಾಗದು ಎಂದರು ಡಾಕ್ಟರು, ಅಪ್ಪ ಒಪ್ಪಲಿಲ್ಲ, ಜ್ವರದಲ್ಲಿ ಅದೊಂದನ್ನೇ ಹೇಳಿದ, ಇಪ್ಪತ್ತೆರಡನೆಯ ದಿನದವರೆಗೂ ಹೇಳಿದ, ಆಮೇಲೆ ಹೇಳಲಿಲ್ಲ. ನನಗೆ ಹದಿನಾಲ್ಕು. ಇವನಿಗೆ ಐದು, ಮಂಚದ ಕೆಳಗೆ ಕೂತು ಅಪ್ಪನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಅಪ್ಪನ ಮುಖ ಇವನಿಗೆ ನೆನಪಿಲ್ಲ, ಫೋಟೋದ ಮುಖವನ್ನೇ ನೆನಪು ಅಂದುಕೊಂಡಿದ್ದಾನೆ. ಇಲ್ಲ. ಸಾಯಲಿ ಈ ಡೋಸು. ಬಿಸಾಡುವ ಹಳದಿ ಡಬ್ಬಿಗೆ ಹಾಕಿದೆ, ಒಳಗೆ ಟಕ್ ಎಂದಿತು, ಸ್ವಲ್ಪ ಅಳು ಬಂತು, ಬರಲಿ, ಕೈ ತೊಳೆದುಕೊಳ್ಳುವ ನೆಪದಲ್ಲಿ ಮುಖವನ್ನೂ ತೊಳೆದುಕೊಂಡೆ.

ಹೊರಗೆ ಬಂದು ಹೇಳಿಬಿಟ್ಟೆ, ಸುತ್ತಿ ಬಳಸಿ ಹೇಳಲು ಬರುವುದಿಲ್ಲ ನನಗೆ, ತಪ್ಪು ನನ್ನದು ಕಣೋ, ನಿನಗೆ ಅಂತ ಬಚ್ಚಿಟ್ಟು ನಾನೇ ಹಾಳು ಮಾಡಿದೆ, ನೋಡೋಕೆ ಸರಿಯಾಗೇ ಇದೆ, ಆದರೆ ಚುಚ್ಚಲ್ಲ, ನಾಳೆ ಬರಬೇಕು ನೀನು. ಈಗ ನಗುತ್ತಾನೆ, ಊರಿಗೆಲ್ಲ ಬುದ್ಧಿ ಹೇಳೋಳು ಎನ್ನುತ್ತಾನೆ, ಇನ್ನು ಬರೋಲ್ಲ ಅಕ್ಕ, ಅದರಲ್ಲೇನಿದೆ ಎನ್ನುತ್ತಾನೆ ಎಂದು ಕಾದೆ. ಬೂಟು ಅಲ್ಲಾಡುವುದು ನಿಂತಿತು. ಕೇಬಲ್ ಒಳಗೆ ಒಂದೆಳೆ ಹರಿದಿದ್ರೆ ಹೊರಗಿಂದ ಗೊತ್ತಾಗಲ್ಲ ಅಕ್ಕ, ಅಂದ, ಲಿಫ್ಟೂ ಓಡ್ತಾನೇ ಇರುತ್ತೆ, ಆದರೂ ನಾವು ಬದಲಾಯಿಸ್ತೀವಿ. ಅಷ್ಟೇ. ಎದ್ದ, ಒಳಗೆ ಬಂದು ಹೆಗಲ ಚೀಲ ಇಳಿಸಿದ, ನನ್ನ ಮೇಜಿನ ಕೆಳಗೆ ತಳ್ಳಿದ, ಧಡ್ ಎಂದಿತು, ಸ್ಪ್ಯಾನರುಗಳ ಚೀಲ, ನನ್ನನ್ನೂ ಮುಟ್ಟಗೊಡದ ಚೀಲ, ಅಪ್ಪನ ಎರಡು ಸ್ಪ್ಯಾನರು ಇನ್ನೂ ಅದರಲ್ಲಿವೆ. ಇದಿಲ್ದೆ ನಾಳೆ ನನಗೆ ಕೆಲಸ ನಡೆಯಲ್ಲ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿರ್ತೀನಿ, ನಿನ್ನ ಮುಖ ನೋಡೋಕಲ್ಲ, ಚೀಲಕ್ಕೆ. ಬರುತ್ತಾನೆ. ಈ ಸಲ ಬಂದೇ ಬರುತ್ತಾನೆ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಆದರೂ ಬಾಯಿ ಸುಮ್ಮನಿರಬೇಕಲ್ಲ, ಚುಚ್ಚಿಸಿಕೊಂಡ ಮೇಲೂ ಕಂಡಕಂಡಲ್ಲಿ ಕುಡಿಯೋ ಹಾಗಿಲ್ಲ ಗೊತ್ತಾಯ್ತಾ, ಲಸಿಕೆ ಎಲ್ಲರನ್ನೂ ಪೂರ್ತಿ ಕಾಯಲ್ಲ, ಕೈ ತೊಳಿ, ಕುದಿಸಿದ್ದೇ ಕುಡಿ, ಹಸಿ ಸೊಪ್ಪು ಬೇಡ — ಹ್ಞೂಂ ಎಂದ, ಕಿಟಕಿಯಾಚೆ ನೋಡುತ್ತ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವನು, ಹನ್ನೊಂದು ವರ್ಷದಿಂದ ಹೀಗೇ ಹ್ಞೂಂ.

ಅಷ್ಟರಲ್ಲಿ ಚೀಟಿ ಬರೆಯುವ ಅಕ್ಕ ನೀರು ತಂದರು, ಪಾಪ ಈ ಸೆಕೆಯಲ್ಲಿ ಬಂದಿದ್ದಾರೆ ನಿಮ್ಮ ತಮ್ಮ ಎಂದು, ಗಾಜಿನ ಲೋಟ, ಮೇಲೆ ಬೆವರು, ಒಳಗೆ ಐಸು, ನಮ್ಮದೇ ಫಿಲ್ಟರಿನ ನೀರು, ನಮ್ಮದೇ ಐಸು, ಭಯವಿಲ್ಲ. ಅವನು ತೆಗೆದುಕೊಂಡ. ಅಲ್ಲಾಡಿಸಿದ, ಟಣ್ ಎಂದಿತು. ಕುಡಿಯುತ್ತಾನೆ ಅಂದುಕೊಂಡೆ — ಕಿವಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದ, ಆ ಸದ್ದು ಅವನಿಗೆ ಗೊತ್ತು, ಮಂಚದ ಕೆಳಗೆ ಕೂತವನಿಗೂ ಕೇಳಿತ್ತು, ಅಪ್ಪನ ಮುಖ ಮರೆತವನು ಅಪ್ಪನ ಮಾತು ಮರೆತಿಲ್ಲ. ಬೇಜಾರು ಮಾಡ್ಕೋಬೇಡಿ ಅಕ್ಕಾವ್ರೆ, ಅಲ್ಲಿಗೆ ಅಂತ ಈಗಲೇ ಅಭ್ಯಾಸ ಮಾಡ್ಕೋತಾ ಇದೀನಿ, ಅಂದ. ಎರಡು ಹೆಜ್ಜೆ, ಮೂಲೆಯ ಬೇಸಿನ್ನು, ಐಸನ್ನಷ್ಟೇ ತೆಗೆದು ನೀರು ಕುಡಿಯಬಹುದಿತ್ತು, ಕುಡಿಯಲಿಲ್ಲ, ಐಸು ಕರಗಿದ ನೀರೂ ಅದೇ ಎಂದು ಗೊತ್ತಿದ್ದವನ ಹಾಗೆ ಲೋಟವನ್ನೇ ಬಗ್ಗಿಸಿದ, ಪೂರ್ತಿ, ತನ್ನ ಬಾಟಲಿ ತೆಗೆದು ಗಟಗಟ ಕುಡಿದ, ನಾಳೆ ಅಂದ, ಹೋದ, ಮೆಟ್ಟಿಲಲ್ಲಿ ಬೂಟಿನ ಸದ್ದು, ಹೋಯಿತು. ಚೀಲ ಮೇಜಿನ ಕೆಳಗೆ ಇದೆ. ಮುಂದಿನವರನ್ನು ಕರೆಯಬೇಕು, ಹಿಂಗೋಡೆಯ ಹತ್ತಿರವೂ ಒಂದು ಥರ್ಮಾಮೀಟರ್ ಇಡಬೇಕು, ಅಮ್ಮನಿಗೆ ಫೋನು ಮಾಡಬೇಕು, ಬೇಸಿನ್ನಿನ ಜಾಲರಿಯ ಮೇಲೆ ಐಸು ನಿಂತಿದೆ, ಒಂದು ತುಂಡು, ಸಣ್ಣದಾಗುತ್ತಿದೆ, ಯಾರ ಬಾಯಿಗೂ ಹೋಗದೆ, ಒಂದೇ ಒಂದು ತುಂಡು