ವರ್ವಾರ ಕಟ್ಟಿಟ್ಟ ಕೊನೆಯ ಬಾಟಲಿ

ಬುಕೋವಿನ ಬೆಟ್ಟದ ನಮ್ಮೂರಿನಲ್ಲಿ ಯಾರ ನೆಲಮಾಳಿಗೆಗೆ ಇಳಿದರೂ, ಚಳಿಗಾಲಕ್ಕೆಂದು ತುಂಬಿಟ್ಟ ಬಾಟಲಿಗಳ ನಡುವೆ ಮುಚ್ಚಳ ಉಬ್ಬಿದ್ದು ಒಂದಾದರೂ ಸಿಗುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಶಾಲೆಯ ಮೇಳಕ್ಕೆ ನಾವು ಮನೆಮಂದಿಯೆಲ್ಲ ಕುದುರೆಗಾಡಿ ಕಟ್ಟಿಕೊಂಡು ಹೋಗುವವರು. ಮಕ್ಕಳು ಬೆಂಚುಗಳನ್ನು ಅಂಗಳದ ಅಕ್ರೋಟು ಮರದಡಿ ಎಳೆದು ಹಾಕುತ್ತಿದ್ದರು. ನನ್ನ ಹೆಂಡತಿ ವರ್ವಾರ ಉಪ್ಪು, ವಿನೆಗರಿನಲ್ಲಿ ಹಾಕಿಟ್ಟ ಕಾಡಿನ ಅಣಬೆಯ ಬಾಟಲಿಗೆ ಕೆಂಪು ಉಣ್ಣೆದಾರ ಸುತ್ತಿ ತರುತ್ತಿದ್ದಳು. ಕ್ಷಣದಲ್ಲಿ ಅದು ಖಾಲಿ. "ತಡವಾಗಿ ಬಂದ್ರೆ ತಳದ ಉಪ್ಪುನೀರೇ ಗತಿ ಮೇಷ್ಟ್ರೇ" ಎಂದು ಶಾಲೆಯ ಮೇಷ್ಟ್ರನ್ನು ಕಂಡು ನಗುತ್ತಿದ್ದಳು. ಈ ವಸಂತದಲ್ಲಿ ದೇವರು ಅವಳನ್ನು ಕರೆಸಿಕೊಂಡ.

ಅವಳ ಕೈಯದ್ದು, ಕೆಂಪು ದಾರ ಸುತ್ತಿದ ಒಂದೇ ಅಣಬೆ ಬಾಟಲಿ ಉಳಿದಿತ್ತು. ಸತ್ತವರ ಹೆಸರಿನಲ್ಲಿ ಕೊಟ್ಟ ತುತ್ತು ಅವರಿಗೇ ಸೇರುತ್ತದೆಂದು ನಂಬಿದವರು ನಾವು. ಈ ಸಲದ ಮೇಳದಲ್ಲಿ ಮಕ್ಕಳಿಗೆ ಹಂಚೋಣವೆಂದು ಅದನ್ನು ಬೆಂಚಿನ ಮೇಲಿಟ್ಟು, ಪಕ್ಕದ ದಪ್ಪ ರೊಟ್ಟಿಗೆ ಅವಳ ಹೆಸರಿನ ಮೇಣದ ಬತ್ತಿ ಸಿಕ್ಕಿಸಿ ಹಚ್ಚಿದೆ. ಮೊಮ್ಮಗಳು ಸಾಫ್ತ ತಟ್ಟೆ ಹಿಡಿದು ಮೊದಲಿಗಳಾಗಿ ನಿಂತಳು.

ಊರಿನ ನರ್ಸ್ ಮಿನೊದೋರ ಬಂದು ಮುಚ್ಚಳದ ಮೇಲೆ ಬೆರಳಾಡಿಸಿದಳು.

"ತಾತ, ಇದು ಉಬ್ಬಿದೆ. ತೆಗೀಬೇಡಿ."

ವರ್ವಾರಳ ತಮ್ಮ ಗ್ರಿಗೋರೆ ಚಮಚ ಹಿಡಿದು ಮುಂದೆ ಬಂದ. "ಕೊಡಿ ಭಾವ, ಮೊದ್ಲು ನಾನು ರುಚಿ ನೋಡ್ತೀನಿ. ಮೇಲೊಂದು ಗುಟುಕು ಪ್ಲಮ್ ಸಾರಾಯಿ ಬಿಟ್ರೆ ಯಾವ ವಿಷ ಉಳಿಯುತ್ತೆ?"

"ನೀವೇ ಉಳಿಯಲ್ಲ ಮಾವ" ಎಂದಳು ನರ್ಸ್. "ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಸಾರಾಯಿಗೂ ಬಗ್ಗಲ್ಲ. ಕಣ್ಣಿಗೆ ಎಲ್ಲಾ ಎರಡೆರಡು ಕಾಣುತ್ತೆ, ರೆಪ್ಪೆ ಇಳಿಯುತ್ತೆ, ನುಂಗಕ್ಕಾಗಲ್ಲ. ಆಮೇಲೆ ಉಸಿರೇ ಕಟ್ಟುತ್ತೆ."

"ಭಾನುವಾರ ಬಂದ್ರೆ ನಂಗೆ ಎರಡೆರಡೇ ಕಾಣೋದು."

"ಅದು ಸೋಮವಾರ ಇಳಿಯುತ್ತೆ. ಇದು ಇಳಿಯಲ್ಲ."

"ನಮ್ಮಕ್ಕ ಮಾಡಿದ್ದು ತಿಂದು ಯಾರಿಗೇನಾಗಿದೆ ಇಲ್ಲೀವರೆಗೆ?" ಗ್ರಿಗೋರೆಯ ದನಿ ಒಡೆಯಿತು.

"ಅಜ್ಜಿ ಕೈ ಕೆಟ್ಟದ್ದಲ್ಲ ಮಾವ. ಗಾಳಿಯಾಡದ ಬಾಟಲೀಲಿ ವಿನೆಗರ್ ಸಾಲದೆ ಹೋದ್ರೆ ಯಾರು ಮಾಡಿದ್ರೂ ಒಳಗೆ ವಿಷದ ಕ್ರಿಮಿ ಬೆಳೆದು ಹಿಂಗೆ ಉಬ್ಬುತ್ತೆ. ಹೋದ ವರ್ಷ ಇದನ್ನ ಹಾಕುವಾಗ ಅವರಿಗೆ ಒಲೆ ಮುಂದೆ ನಿಂತು ಕುದಿಸೋ ಶಕ್ತಿಯೇ ಇರ್ಲಿಲ್ಲ." ಆಮೇಲೆ ನನ್ನತ್ತ ತಿರುಗಿದಳು. "ಹೇಳಿ ತಾತ, ಅಜ್ಜಿ ಇದ್ದಿದ್ರೆ ಇದನ್ನ ಸಾಫ್ತಳ ತಟ್ಟೆಗೆ ಹಾಕ್ತಿದ್ರಾ?"

ನಾನು ಆ ತಟ್ಟೆಯನ್ನು ನೋಡಿದೆ. ಕೆಂಪು ದಾರ ಬಿಚ್ಚಿ ಜೇಬಿಗಿಟ್ಟುಕೊಂಡೆ.

ಬಾಟಲಿಯನ್ನು ತೆರೆಯದೆ ಚೀಲದೊಳಗೆ ಚೀಲ ಹಾಕಿ ಕಟ್ಟಿ, ನಾಯಿ ಹಂದಿ ಮುಟ್ಟದ ಹಾಗೆ ಕಸದ ಡಬ್ಬಕ್ಕೆ ಹಾಕಿ ಮುಚ್ಚಿದವನು ಗ್ರಿಗೋರೆಯೇ. ಕೈ ತೊಳೆದು ಬಂದು ಟೊಪ್ಪಿ ತೆಗೆದು ಶಿಲುಬೆಯ ಗುರುತು ಮಾಡಿದ.

ರೊಟ್ಟಿ ಮುರಿದು ಹಂಚಿದೆ. ಸಾಫ್ತ ಬಾಯಿತುಂಬ ಅಗಿಯುತ್ತ, "ದೇವರು ಅಜ್ಜೀನ ಹತ್ರ ಕೂರಿಸ್ಕೊಳ್ಲಿ" ಎಂದಳು. ಆ ತುತ್ತು ವರ್ವಾರಳಿಗೆ ತಲುಪಿರಬೇಕು.

ಓದುವ ಅಕ್ಕ ಅಣ್ಣಂದಿರೇ, ಇಂದೇ ನಿಮ್ಮ ನೆಲಮಾಳಿಗೆಗೆ ಇಳಿಯಿರಿ. ಉಬ್ಬಿದ, ಸೋರುವ ಬಾಟಲಿಯನ್ನು ತೆರೆಯಬೇಡಿ, ರುಚಿ ನೋಡಬೇಡಿ. ಉಬ್ಬದಿದ್ದರೂ ಅನುಮಾನ ಬಂದರೆ ತಿನ್ನಬೇಡಿ. ತಿಂದವರಿಗೆ ನೋಟ ಎರಡಾದರೆ, ನುಂಗಲಾಗದಿದ್ದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಟ್ಟ ಬಾಟಲಿಯನ್ನು ಎಸೆದುಬಿಡಿ, ಅದು ಯಾರ ಕೈಯದ್ದೇ ಆಗಿರಲಿ.