ತೆಂಗಿನ ಜುಟ್ಟಿನ ಬೆಂಕಿ

ಊರು ಬಿಟ್ಟು ಬಂದು ನೆಲೆಸಿದ ಮಂಜಲ್‌ಪುರದಲ್ಲಿ ಕೆಳಗೆ ನಮ್ಮ ಹೋಟೆಲು, ಮೇಲೆ ಮನೆ. ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಮಗಳು ಕೃಪಾ ಕಾಲೇಜಿನವರ ಜೊತೆ ಡಾಂಗ್ ಕಾಡಿಗೆ ಹೋಗುತ್ತೇನೆಂದು ಹಟ ಹಿಡಿದಳು. ಡೇರೆಯಲ್ಲಿ ಮಲಗಬೇಕಂತೆ, ಅಡುಗೆ ತಾವೇ ಮಾಡಿಕೊಳ್ಳಬೇಕಂತೆ. ನನಗೆ ಪಿತ್ತ ನೆತ್ತಿಗೇರಿತು.

"ಮಳೆಯಲ್ಲಿ ಬೆಂಕಿ ಹೊತ್ತಿಸ್ಲಿಕ್ಕೆ ಬರ್ತದಾ ನಿಂಗೆ? ಟೆರೇಸಲ್ಲಿ ಹೊತ್ತಿಸಿ ತೋರ್ಸು. ಹೊತ್ತಿದ್ರೆ ಹೋಗು. ಇಲ್ಲದಿದ್ರೆ ಬಾಯಿ ಮುಚ್ಚಿ ಮನೆಯಲ್ಲಿರು."

ಭಾನುವಾರ ಮಧ್ಯಾಹ್ನ ಜಿನುಗು ಮಳೆ. ಹಳೆಯ ಪೆಟ್ಟಿಗೆಯ ಹಲಗೆ ಮುರಿದು ರಾಶಿ ಹಾಕಿದೆವು. ಕೃಪಾ ಪಾನ್ ಅಂಗಡಿಯ ಸಿಗರೇಟ್ ಲೈಟರ್ ತೆಗೆದಳು. ಅದರ ಚಕ್ರ ಒದ್ದೆಯಾಗಿ, ಅವಳ ಹೆಬ್ಬೆರಳು ಕೆಂಪಾಯಿತೇ ಹೊರತು ಕಿಡಿ ಬರಲಿಲ್ಲ.

"ಬೀಡಿ ಸೇದುವವರ ಸಾಮಾನು ಅದು. ಇಲ್ಲಿ ನೋಡು" ಎಂದು ನಾನು ಹೋಟೆಲಿನ ಉದ್ದನೆಯ ಲೈಟರ್ ತಂದೆ. ಇಷ್ಟು ವರ್ಷ ಒಂದು ದಿನವೂ ಕೈಕೊಟ್ಟದ್ದಿಲ್ಲ. ಹಲಗೆಗೆ ಹಿಡಿದು ಟಿಕ್ ಟಿಕ್ ಎಂದು ಒತ್ತುತ್ತಲೇ ಇದ್ದೆ.

"ಪಪ್ಪಾ, ಜಂಗಲ್‌ನಲ್ಲಿ ಗ್ಯಾಸ್ ಎಲ್ಲಿಂದ ಬರ್ತದೆ?" ಕೃಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗ್ಯಾಸ್ ಇಲ್ಲದೆ ಅದು ಬರೀ ಕಿಡಿ. ಜೀವಮಾನವೆಲ್ಲ ಗ್ಯಾಸ್ ಒಲೆಯ ಮುಂದೆ ನಿಂತವನಿಗೆ ಅದು ಹೊಳೆದೇ ಇರಲಿಲ್ಲ.

ಕೊಡೆ ಹಿಡಿದು ನಿಂತಿದ್ದ ಹೆಂಡತಿ ಮಂದಾಕಿನಿ, "ಅತ್ತೆ ಇದ್ದಿದ್ರೆ ನಿಮ್ಮ ಕೈಗೆ ಗೆರಟೆ ಕೊಟ್ಟು ಪಕ್ಕದ ಮನೆಗೆ ಓಡಿಸ್ತಿದ್ರು" ಎಂದಳು.

ಹೌದು. ಊರಲ್ಲಿ ಅಮ್ಮ ರಾತ್ರಿ ಕೆಂಡವನ್ನು ಬೂದಿಯಲ್ಲಿ ಹೂತಿಡುತ್ತಿದ್ದಳು. ಬೆಳಿಗ್ಗೆ ಅದು ಆರಿದ್ದರೆ ನಾನು ತೆಂಗಿನ ಚಿಪ್ಪಿನ ಗೆರಟೆ ಹಿಡಿದು ಪಕ್ಕದ ಅನಸೂಯಕ್ಕನ ಮನೆಗೆ ಓಡಿ ಕೆಂಡ ತರಬೇಕು. ಅಮ್ಮ ಅದರ ಮೇಲೆ ತೆಂಗಿನ ನಾರು ಹರಡಿ ಊದುತ್ತಿದ್ದಳು. ಕಡ್ಡಿ ಗೀರುವುದೆಂದರೆ ಅವಳಿಗೆ ದುಂದು.

ಕೆಳಗೆ ಹೋದೆ. ಚಟ್ನಿಗೆ ಒಡೆಯುವ ಮುಂಚೆ ಕಿತ್ತು ಎಸೆದ ಕಾಯಿಗಳ ಜುಟ್ಟು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಒಣಗಿದ್ದನ್ನು ಆರಿಸಿ, ಒಂದು ಬೆಂಕಿಪೊಟ್ಟಣವನ್ನೂ ಕತ್ತಿಯನ್ನೂ ತಂದೆ. ಹಲಗೆ ಸೀಳಿದರೆ ಒಳಗೆ ಒಣಗಿತ್ತು. ನಾರು ಬಿಡಿಸಿ ಕೊಡೆಯ ಅಡಿಯಲ್ಲಿ ಗೂಡಿನಂತೆ ಇಟ್ಟೆ.

"ಹೊತ್ತಿಸುವವಳು ನೀನೇ. ಗಾಳಿಗೆ ಬೆನ್ನು ಕೊಡು."

ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ನಾರು ಕೆಂಪಗಾಯಿತು.

"ಊದು. ಜೋರಾಗಿ ಅಲ್ಲ ಮಾರಾಯ್ತಿ, ಬಿಸಿ ಚಾ ಆರಿಸಿದ ಹಾಗೆ."

ಹೊಗೆ ಎದ್ದಿತು. ಅಮ್ಮನ ಸೆರಗಿಗೆ ಸದಾ ಇದೇ ವಾಸನೆ. ಊರು ಬಿಟ್ಟ ಮೇಲೆ ಅದು ನನ್ನ ಮೂಗಿಗೆ ಬಡಿದಿರಲಿಲ್ಲ. ಸಣ್ಣ ಸೀಳುಗಳು ಹೊತ್ತಿದವು, ಆಮೇಲೆ ಹಲಗೆ. ನಾನು ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ.

"ಹೊತ್ತಿತಲ್ಲ ಪಪ್ಪಾ. ಈಗ?"

"ಈಗ ಎಂತ? ಹೋಗು."

ಸಂಜೆ ಕಡ್ಡಿಗಳ ತಲೆಯನ್ನು ಮೇಣದಲ್ಲಿ ಅದ್ದಿ, ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ತುಂಬಿದೆ. ಗೀರುವ ಪಟ್ಟಿಯನ್ನೂ ಕತ್ತರಿಸಿ ಒಳಗಿಟ್ಟೆ. ಸಿಗರೇಟ್ ಲೈಟರ್ ಒರೆಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದೆ, ಒಂದನ್ನೇ ನಂಬಬಾರದು. ಒಂದು ದೊಡ್ಡ ಚೀಲದ ತುಂಬ ನಾರು ತುರುಕಿದೆ.

"ಇಷ್ಟೊಂದಾ? ಬಟ್ಟೆಗೆ ಜಾಗ ಬೇಡ್ವಾ?" ಎಂದಳು ಕೃಪಾ.

"ಎರಡು ಬಟ್ಟೆ ಕಡಿಮೆ ಮಾಡು" ಎಂದೆ.