ದಮ್ಮಾಮಿನಿಂದ ಹತ್ತುವ ಲೈಟು

ಮುಸ್ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಕಾಲು ಗಂಟೆಯಾದರೂ ಕಾಟಿಪಳ್ಳದ ಆ ಮನೆಯಲ್ಲಿ ಒಂದು ಲೈಟೂ ಹತ್ತಲಿಲ್ಲ. ಹೊಲಿಗೆಗೆ ಬಂದ ಮದುಮಗಳೊಬ್ಬಳ ರವಿಕೆ ಹೊಲಿಯುತ್ತಿದ್ದ ನುಸೈಬಾ ಮೊಬೈಲಿನ ಟಾರ್ಚನ್ನು ಮಿಷನ್ನಿಗೆ ಒರಗಿಸಿ ಹಲ್ಲು ಕಡಿದಳು. ಗೋಡೆಯಲ್ಲಿ ಸ್ವಿಚ್ಚಾದರೂ ಇದೆಯೇ, ಒತ್ತಲು! ಯಾರಾದರೂ ಆಫ್ ಮಾಡಿದರೆ ತನ್ನ ಸ್ಮಾರ್ಟ್ ಬಲ್ಬುಗಳಿಗೆ ಸಂಪರ್ಕ ತಪ್ಪುತ್ತದೆಂದು ಗಂಡ ಝುಬೈರ್ ಕಳೆದ ರಜೆಯಲ್ಲಿ ಎಲ್ಲವನ್ನೂ ಕಿತ್ತುಹಾಕಿ, ಷೋಕೇಸಿನ ಮೇಲೊಂದು ಪುಟ್ಟ ಕಂಪ್ಯೂಟರ್ ಇಟ್ಟು ಹೋಗಿದ್ದ. ಈಗ ಸೌದಿಯ ದಮ್ಮಾಮಿನಲ್ಲಿ ಕೂತು, ಯಾರೂ ಕದ್ದು ನೋಡಲಾಗದ ಭದ್ರ ದಾರಿಯಲ್ಲಿ ಅದರೊಳಗೆ ಹೊಕ್ಕು ಕೋಡ್ ಬರೆಯುತ್ತಾನೆ. ಹೊಸ ಕೋಡಿನಲ್ಲಿ ಮಗ್ರಿಬ್‌ಗೆ ಲೈಟು ತನ್ನಷ್ಟಕ್ಕೇ ಹತ್ತುತ್ತದಂತೆ. ಹತ್ತಿತು, ಎರಡು ಗಂಟೆ ತಡವಾಗಿ. ಪುಣ್ಯಾತ್ಮ ಹಾಕಿದ್ದು ದಮ್ಮಾಮಿನ ಮಗ್ರಿಬ್ ಹೊತ್ತು.

ಉಳಿದ ಹೊತ್ತಿನಲ್ಲಿ ಅಡುಗೆಮನೆಗೆ ಬೆಳಕು ಬೇಕಾದರೆ ಸೌದಿಗೆ ವಾಟ್ಸಾಪ್ ಮಾಡಬೇಕು. ಅವನು ಡ್ಯೂಟಿಯಲ್ಲಿದ್ದರೆ ಕತ್ತಲೆಯೇ ಗತಿ. ಕೇಳಿದರೆ, ತನ್ನ ಡಿಜಿಟಲ್ ಕೀ ಇಲ್ಲದೆ ಹೊರಗಿನವರಾರಿಗೂ ಆ ಕಂಪ್ಯೂಟರಿನೊಳಗೆ ಬರಲಾಗದು ಎಂಬ ಜಂಬ. ಮನೆಯಲ್ಲೇ ಇರುವ ತಾನೂ ಹೊರಗಿನವರ ಲೆಕ್ಕವೇ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ ನಗುವ ಇಮೋಜಿ ಬಂದಿತ್ತು.

ಮರುದಿನ ಮಧ್ಯಾಹ್ನ ಅವಳು ಎಲೆಕ್ಟ್ರಿಷಿಯನ್ ಅಣ್ಣುವನ್ನು ಕರೆಸಿಯೇಬಿಟ್ಟಳು. ಇಷ್ಟು ಚಂದದ ಗೋಡೆಯನ್ನು ಪುನಃ ಕೊರೆಯಬೇಕಲ್ಲ ಎಂದು ಗೊಣಗುತ್ತ ಅವನು ಮೂರು ಕೋಣೆಗೆ ಸ್ವಿಚ್ಚು ಕೂರಿಸುವಷ್ಟರಲ್ಲಿ ಝುಬೈರನ ಫೋನ್ ಬಂತು.

"ಒಳಗಿನ ಲೈಟೆಲ್ಲ ಆಫ್‌ಲೈನ್ ತೋರಿಸ್ತದೆ. ಎಂತ ಆಯ್ತು?"

"ಸ್ವಿಚ್ ಹಾಕಿಸ್ತಾ ಇದ್ದೇನೆ. ಇಲ್ಲಿ ಇರುವುದು ನಾನು. ಲೈಟ್ ಬೇಕಾದಾಗ ನಾನೇ ಹಾಕ್ತೇನೆ."

ಅವನು ರೇಗಿದ. ರಜೆಯಿಡೀ ದುಡಿದದ್ದು, ನಿದ್ದೆಗೆಟ್ಟು ಕೋಡ್ ಬರೆದದ್ದು ಎಲ್ಲ ಹೊರಬಿತ್ತು. ನುಸೈಬಾ ಫೋನನ್ನು ಕಿವಿಯಿಂದ ದೂರ ಹಿಡಿದು, ಅಣ್ಣುವಿಗೆ ಕೆಲಸ ಮುಂದುವರಿಸಲು ಕೈಸನ್ನೆ ಮಾಡಿದಳು. ಕೂಗಾಟ ತಗ್ಗಿದಾಗ ಫೋನನ್ನು ಮತ್ತೆ ಕಿವಿಗಿಟ್ಟಳು.

"ನಿನಗೆ ಅಲ್ಲಿ ಇಡೀ ಮನೆ ಉಂಟು, ನುಸೈಬಾ," ಎಂದ ಅವನು ಮೆಲ್ಲಗೆ. "ನನಗೆ ಈ ಲೈಟ್ ಬಿಟ್ಟು ಬೇರೆ ಎಂತ ಉಂಟು?"

ಅವಳ ಸಿಟ್ಟೇನೂ ಇಳಿಯಲಿಲ್ಲ. ಅಣ್ಣು ಡ್ರಿಲ್ ಹಿಡಿದು ಮನೆಮುಂದಿನ ಸಿಟೌಟಿಗೆ ಹೊರಟಿದ್ದ. ಆದರೂ ಅವನನ್ನು ತಡೆದು ಫೋನಿನಲ್ಲಿ ಹೇಳಿದಳು:

"ಸಿಟೌಟಿನದ್ದು ಬಿಡ್ತೇನೆ. ಅದು ನಿಮಗೆ."

ಝುಬೈರ್ ಫೋನಿಟ್ಟ. ಹೊರಗೆ ಎರಡೂವರೆಯ ಸುಡುಬಿಸಿಲು, ಅಂಗಳದಲ್ಲಿ ಕಾಲಿಡುವಂತಿರಲಿಲ್ಲ. ಸಿಟೌಟಿನ ಬಲ್ಬು ಹತ್ತಿತು. ಆರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತಿ, ಹಾಗೇ ಉರಿಯುತ್ತ ಉಳಿಯಿತು.